ಶಿಶುವಿನ ಪುಡಿಹಾಲು: 70 ಡಿಗ್ರಿಯ ಹಿಂದಿನ ಚರಿತ್ರೆ

ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವಾಗ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸಿಗುವ ಪುಟ್ಟ ಪೇಟೆ ಕುಂಬ್ರ. ಅಡಿಕೆ, ರಬ್ಬರ್ ತೋಟಗಳ ನಡುವಿನ ಇಂಥ ಪೇಟೆಗಳ ಔಷಧದ ಅಂಗಡಿಗಳಲ್ಲಿಯೂ ಈಗ ಎಳೆಯ ಶಿಶುಗಳಿಗೆಂದೇ ತಯಾರಿಸಿದ ಪುಡಿಹಾಲು ದೊರೆಯುತ್ತದೆ. ಹಾಲು ಕದಡುವ ಕ್ರಮ ಡಬ್ಬಿಯ ಮೇಲೆ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ: ಕೈ ತೊಳೆಯಿರಿ, ಪಾತ್ರೆ ಕುದಿಸಿರಿ, ನೀರು ಕುದಿಸಿ ಆರಿಸಿರಿ, ಅಳತೆಯ ಚಮಚದಿಂದ ಪುಡಿ ಹಾಕಿರಿ, ಮಿಕ್ಕ ಹಾಲನ್ನು ಚೆಲ್ಲಿರಿ.

ಇದರಲ್ಲಿ 'ಆರಿಸಿರಿ' ಎಂಬ ಮಾತನ್ನು ಗಮನಿಸಿ. ಎಷ್ಟು ಆರಿಸಬೇಕು? 'ಉಗುರು ಬೆಚ್ಚಗಾಗುವವರೆಗೆ' ಎಂದು ಕೆಲವು ಡಬ್ಬಿಗಳು ಹೇಳುತ್ತವೆ. ಎಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಬೇರೆಯೇ ಹೇಳುತ್ತದೆ: ಪುಡಿ ಹಾಕುವಾಗ ನೀರಿನ ಉಷ್ಣತೆ 70 ಡಿಗ್ರಿಗಿಂತ ಕಡಿಮೆ ಇರಬಾರದು. ಎರಡರ ನಡುವೆ 30 ಡಿಗ್ರಿಗಳ ಅಂತರವಿದೆ. ಇದು ಬರಿಯ ಅಭಿಪ್ರಾಯಭೇದವಲ್ಲ. ಕೆಲವು ಶಿಶುಗಳ ಪಾಲಿಗೆ ಇದು ಜೀವನ್ಮರಣದ ಪ್ರಶ್ನೆ.

ಡಬ್ಬಿಯ ಮೇಲಿನ ಸೂಚನೆಗಳೆಲ್ಲ ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಒಂದೊಂದು ಸಾಲಿನ ಹಿಂದೆಯೂ ಒಂದೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ತಿದ್ದಿದ ಅನುಭವವಿದೆ. 70 ಡಿಗ್ರಿ ಎಂಬುದು ಆ ಸಾಲಿನಲ್ಲಿ ತೀರ ಈಚಿನದು. ಆದ್ದರಿಂದಲೇ ಅದು ಇನ್ನೂ ಎಲ್ಲರನ್ನೂ ತಲುಪಿಲ್ಲ.

ಮುಂದುವರಿಯುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹುಟ್ಟಿದಂದಿನಿಂದ 6 ತಿಂಗಳ ತನಕ ಶಿಶುವಿಗೆ ತಾಯಿಯ ಹಾಲೊಂದೇ ಸಾಕು, ಅದೇ ಶ್ರೇಷ್ಠ. ತಾಯಿ ತೀರಿಕೊಂಡಾಗ, ತೀವ್ರ ಕಾಯಿಲೆಯಲ್ಲಿದ್ದಾಗ, ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದಿದ್ದಾಗ ವೈದ್ಯರ ಸಲಹೆಯಂತೆ ಪುಡಿಹಾಲು ಬೇಕಾಗಬಹುದು. ಈ ಲೇಖನ ಅಂಥ ಶಿಶುಗಳನ್ನು ಕುರಿತದ್ದು.

ರಸಾಯನಶಾಸ್ತ್ರಜ್ಞರು ಮಾಡಿದ ಹಾಲು

ತಾಯಿಯ ಹಾಲಿಗೆ ಬದಲಿಯನ್ನು ಪ್ರಯೋಗಾಲಯದಲ್ಲಿ ರೂಪಿಸಬಹುದು ಎಂಬ ವಿಚಾರ ಬೆಳೆದದ್ದು 19ನೆಯ ಶತಮಾನದ ಯೂರೋಪಿನಲ್ಲಿ. ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ 1865ರಲ್ಲಿ ಶಿಶುಗಳಿಗಾಗಿ ಒಂದು ಆಹಾರವನ್ನು ಪ್ರಕಟಿಸಿದ. ಹಸುವಿನ ಹಾಲು, ಗೋಧಿ ಹಿಟ್ಟು, ಮೊಳಕೆ ಬರಿಸಿದ ಬಾರ್ಲಿಯ ಹಿಟ್ಟು, ಪೊಟ್ಯಾಸಿಯಂ ಬೈಕಾರ್ಬೊನೇಟ್ ಇವು ಅದರ ಘಟಕಗಳು. ಎರಡು ವರ್ಷಗಳ ಬಳಿಕ, 1867ರಲ್ಲಿ, ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಹೆನ್ರಿ ನೆಸ್ಲೆ ಹಾಲು, ಗೋಧಿ ಹಿಟ್ಟು ಮತ್ತು ಸಕ್ಕರೆ ಸೇರಿಸಿ ಒಣಗಿಸಿದ ತನ್ನ 'ಹಾಲಿನ ಹಿಟ್ಟ'ನ್ನು ಮಾರಾಟಕ್ಕೆ ತಂದ.

ಈ ಹಂತದಲ್ಲಿ ಸಮಸ್ಯೆಯನ್ನು ನೋಡಿದ ಬಗೆ ಶುದ್ಧ ರಾಸಾಯನಿಕವಾದದ್ದು. 100 ಗ್ರಾಂ ತಾಯಿಯ ಹಾಲಿನಲ್ಲಿ ಪ್ರೋಟೀನು ಸುಮಾರು 1 ಗ್ರಾಂ, ಲ್ಯಾಕ್ಟೋಸ್ ಸಕ್ಕರೆ 7 ಗ್ರಾಂ, ಕೊಬ್ಬು 4 ಗ್ರಾಂ. ಹಸುವಿನ ಹಾಲಿನಲ್ಲಿ ಪ್ರೋಟೀನು ಮೂರು ಪಟ್ಟು, ಖನಿಜಾಂಶಗಳು ಕೂಡ ಸುಮಾರು ಮೂರು ಪಟ್ಟು. ಲ್ಯಾಕ್ಟೋಸ್ ಮಾತ್ರ ಕಡಿಮೆ, 5 ಗ್ರಾಂನ ಒಳಗೆ. ಹಾಗಾಗಿ ನೀರು ಬೆರೆಸಿ ಪ್ರೋಟೀನನ್ನು ತಗ್ಗಿಸುವುದು, ಸಕ್ಕರೆ ಸೇರಿಸಿ ಕೊರತೆಯನ್ನು ತುಂಬುವುದು, ಹೀಗೆ ಅಂಕಗಣಿತದಂತೆ ಲೆಕ್ಕ ಹೊಂದಿಸಿದರೆ ತಾಯಿಯ ಹಾಲು ಸಿದ್ಧವಾದಂತೆಯೇ ಎಂದು ಭಾವಿಸಿದರು. ವಿಟಮಿನ್ನುಗಳ ವಿಚಾರ ಆಗ ಯಾರಿಗೂ ತಿಳಿದಿರಲಿಲ್ಲ. ತಾಯಿಯ ಹಾಲಿನಲ್ಲಿ ರೋಗನಿರೋಧಕ ಪ್ರತಿಕಾಯಗಳಿವೆ ಎಂಬುದೂ ಗೊತ್ತಿರಲಿಲ್ಲ.

ಈ ಹಂತ ನಮಗೆ ಬಿಟ್ಟುಹೋದ ಸೂಚನೆ 'ಅಳತೆ ತಪ್ಪಬೇಡಿ' ಎಂಬುದು. ಅದು ಇಂದಿಗೂ ಸತ್ಯ. ಡಬ್ಬಿ ಹೆಚ್ಚು ದಿನ ಬರಲಿ ಎಂದು ಪುಡಿ ಕಡಿಮೆ ಹಾಕಿದರೆ ಶಿಶು ಸೊರಗುತ್ತದೆ. ಮಗು ದಪ್ಪಗಾಗಲಿ ಎಂದು ಚಮಚದ ಮೇಲೆ ರಾಶಿಯಾಗಿ ತುಂಬಿ ಹಾಕಿದರೆ ಲವಣಾಂಶ ಹೆಚ್ಚಿ ಎಳೆಯ ಮೂತ್ರಪಿಂಡಗಳಿಗೆ ಭಾರವಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಅಪಾಯವೂ ಆದೀತು. ಒಂದು ಕಂಪನಿಯ ಚಮಚವನ್ನು ಇನ್ನೊಂದು ಕಂಪನಿಯ ಡಬ್ಬಿಗೆ ಬಳಸಬಾರದು. ನೀರನ್ನು ಮೊದಲು ಅಳೆದು, ಬಳಿಕ ಪುಡಿಯನ್ನು ಮಟ್ಟಸ ಚಮಚದಲ್ಲಿ ಹಾಕಬೇಕು.

ನೀರು, ಬಾಟಲಿ ಮತ್ತು ಕಣ್ಣಿಗೆ ಕಾಣದ ಜೀವಿಗಳು

ಲೆಕ್ಕ ಸರಿಯಾಗಿದ್ದರೂ ಬಾಟಲಿ ಹಾಲು ಕುಡಿದ ಶಿಶುಗಳು ಬೇಸಿಗೆಯಲ್ಲಿ ಭೇದಿಯಿಂದ ಸಾಯುತ್ತಿದ್ದವು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಉದ್ದನೆಯ ರಬ್ಬರ್ ನಳಿಕೆ ಜೋಡಿಸಿದ ಹಾಲಿನ ಬಾಟಲಿಗಳು ಬಳಕೆಯಲ್ಲಿದ್ದವು. ಮಲಗಿದ ಮಗು ತಾನೇ ನಳಿಕೆಯಿಂದ ಹೀರುವುದು ತಾಯಂದಿರಿಗೆ ಅನುಕೂಲವಾಗಿತ್ತು. ಆದರೆ ಆ ನಳಿಕೆಯ ಒಳಗೋಡೆಯನ್ನು ತೊಳೆಯುವ ದಾರಿಯೇ ಇರಲಿಲ್ಲ. ಮುಂದೆ ಅವಕ್ಕೆ 'ಕೊಲೆಗಾರ ಬಾಟಲಿ' ಎಂದೇ ಹೆಸರಾಯಿತು.

ಲೂಯಿ ಪಾಶ್ಚರನ ಸಂಶೋಧನೆಗಳ ನಂತರ ಕಾರಣ ಸ್ಪಷ್ಟವಾಯಿತು. ಹಾಲು ಮಗುವಿಗೆ ಹೇಗೋ ಹಾಗೆಯೇ ಬ್ಯಾಕ್ಟೀರಿಯಾಗಳಿಗೂ ಉತ್ತಮ ಆಹಾರ. 1886ರಲ್ಲಿ ಜರ್ಮನಿಯ ಫ್ರಾಂಟ್ಸ್ ಫಾನ್ ಸಾಕ್ಸ್‌ಲೆಟ್, ಶಿಶುಗಳಿಗೆ ಕೊಡುವ ಹಾಲನ್ನು ಬಾಟಲಿಗಳಲ್ಲಿ ತುಂಬಿಯೇ ಕಾಯಿಸಬೇಕೆಂದು ಸೂಚಿಸಿದ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತ. ಕೊಬ್ಬನ್ನು ಬೇರ್ಪಡಿಸಲು ಪ್ರಯೋಗಾಲಯದಲ್ಲಿ ಬಳಸುವ ಸಾಕ್ಸ್‌ಲೆಟ್ ಉಪಕರಣ ಇದೇ ವಿಜ್ಞಾನಿಯದು.

ಕೈ, ಪಾತ್ರೆ, ನೀರು ಈ ಮೂರೂ ನಿರ್ಮಲವಾಗಿರಬೇಕು ಎಂಬ ಸೂಚನೆ ಈ ಹಂತದ ಕೊಡುಗೆ. ಇಲ್ಲಿ ನಮ್ಮ ಹಳೆಯ ಒಳಲೆಯನ್ನು ನೆನೆಯಬೇಕು. ಕೂಸಿಗೆ ಹಾಲು, ಔಷಧಿ ಕುಡಿಸಲು ಬಳಸುತ್ತಿದ್ದ, ಒಂದು ಕಡೆ ಮೂತಿಯಿರುವ ಈ ಪುಟ್ಟ ಪಾತ್ರೆ ಪೂರ್ತಿ ತೆರೆದದ್ದು. ಮೂಲೆ, ಸಂದು, ರಬ್ಬರ್ ಮೊಲೆತೊಟ್ಟು ಇಲ್ಲ. ತಿಕ್ಕಿ ತೊಳೆಯುವುದು ಸುಲಭ, ಕುದಿಸುವುದೂ ಸುಲಭ. ಬಾಟಲಿಗಿಂತ ತೆರೆದ ಲೋಟವೇ ಮೇಲು ಎಂದು ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೂ ಇದೇ ಕಾರಣ. ಆದರೆ ಒಳಲೆಯಿಂದ ಹಾಲನ್ನು ಗಂಟಲಿಗೆ ಸುರಿಯಬಾರದು. ಮಗುವನ್ನು ತಲೆ ಎತ್ತರವಾಗಿರುವಂತೆ ಹಿಡಿದು, ಅದು ನುಂಗುವ ವೇಗಕ್ಕೆ ತಕ್ಕಂತೆ ಸ್ವಲ್ಪಸ್ವಲ್ಪವೇ ಕೊಡಬೇಕು.

ಮೈಸೂರಿನಲ್ಲಿ ಎಮ್ಮೆ ಹಾಲು

ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ಮಾರಾಟವಾಗುತ್ತಿದ್ದ ಶಿಶು ಆಹಾರ ವಿದೇಶಗಳಿಂದ ಬರುತ್ತಿತ್ತು. ಇಲ್ಲಿಯೇ ತಯಾರಿಸೋಣವೆಂದರೆ ಒಂದು ತೊಡಕು. ಪಾಶ್ಚಾತ್ಯ ತಂತ್ರಜ್ಞಾನವೆಲ್ಲ ಹಸುವಿನ ಹಾಲನ್ನು ಆಧರಿಸಿದ್ದು. ನಮ್ಮಲ್ಲಿ ಹೇರಳವಾಗಿದ್ದದ್ದು ಎಮ್ಮೆಯ ಹಾಲು. ಅದರಲ್ಲಿ ಕೊಬ್ಬು ಸುಮಾರು 7 ಗ್ರಾಂ, ಪ್ರೋಟೀನು 4 ಗ್ರಾಂ. ಕೇಸೀನ್ ಅಧಿಕವಾಗಿರುವುದರಿಂದ ಜಠರದಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಎಳೆಯ ಮಗುವಿಗೆ ಅರಗುವುದು ಕಷ್ಟ. ಎಮ್ಮೆ ಹಾಲನ್ನು ಪುಡಿ ಮಾಡುವುದೇ ಅಸಾಧ್ಯ ಎಂದು ವಾದಿಸಿದ ವಿದೇಶಿ ತಜ್ಞರೂ ಇದ್ದರು.

ಗುಜರಾತಿನ ಆನಂದದಲ್ಲಿ ಎಚ್.ಎಂ. ದಲಾಯ ಈ ವಾದ ಸರಿಯಲ್ಲವೆಂದು ತೋರಿಸಿದರು. ಅಲ್ಲಿನ ಹಾಲಿನ ಪುಡಿ ಕಾರ್ಖಾನೆಯನ್ನು 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ದಲಾಯರ ಜೊತೆಗಿದ್ದವರು ವರ್ಗೀಸ್ ಕುರಿಯನ್. ಅವರು ಪದವಿಯಲ್ಲಿ ಓದಿದ್ದು ಭೌತಶಾಸ್ತ್ರವನ್ನು. ಹೈನುಗಾರಿಕೆಯಲ್ಲಿ ಒಂದಿಷ್ಟು ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ.

ಆದರೆ ಪುಡಿ ಮಾಡುವುದು ಬೇರೆ, ಅದನ್ನು ಶಿಶುವಿಗೆ ತಕ್ಕ ಆಹಾರವಾಗಿ ಮಾಡುವುದು ಬೇರೆ. ಈ ಎರಡನೆಯ ಕೆಲಸಕ್ಕೆ ನೆರವಾದದ್ದು ಕುಂಬ್ರದ ಮುಂದೆ ಹಾದುಹೋಗುವ ಹೆದ್ದಾರಿಯ ಇನ್ನೊಂದು ತುದಿಯಲ್ಲಿರುವ ಮೈಸೂರು. ಅಲ್ಲಿನ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು 1950ರ ದಶಕದಲ್ಲಿ ರೂಪಿಸಿದರು. ಈ ಸಂಶೋಧನಾಲಯದ ನೆರವಿನಿಂದ ಸಿದ್ಧವಾದ ಸೂತ್ರವನ್ನು ಬಳಸಿ, 1960ರ ಸುಮಾರಿಗೆ ಅಮುಲ್ ವರ್ಷಕ್ಕೆ 2,500 ಟನ್ ಸಾಮರ್ಥ್ಯದ ಶಿಶು ಆಹಾರ ವಿಭಾಗವನ್ನು ಆನಂದದಲ್ಲಿ ಸ್ಥಾಪಿಸಿತು. ಎಮ್ಮೆ ಹಾಲಿನಿಂದ ಶಿಶು ಆಹಾರವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ಜಗತ್ತಿನಲ್ಲಿ ಅದೇ ಮೊದಲು.

ಹಾಲನ್ನು ಒಣಗಿಸುವುದಕ್ಕೆ ಎರಡು ವಿಧಾನಗಳಿವೆ. ಆನಂದದ ಆ ವಿಭಾಗದಲ್ಲಿ ಬಳಸಿದ್ದು ಉರುಳೆಯ ವಿಧಾನ. ಒಳಗಿನಿಂದ ಹಬೆ ಹಾಯಿಸಿ ಕಾಯಿಸಿದ ಲೋಹದ ಉರುಳೆಯ ಮೇಲೆ ಹಾಲನ್ನು ತೆಳುವಾಗಿ ಹರಡಿದರೆ ಕ್ಷಣಗಳಲ್ಲಿ ಒಣಗುತ್ತದೆ. ಅದನ್ನು ಅಲಗಿನಿಂದ ಕೆರೆದು ಪುಡಿ ಮಾಡುತ್ತಾರೆ. ಇನ್ನೊಂದು ಸಿಂಪರಣೆಯ ವಿಧಾನ. ಹಾಲನ್ನು ಮಂಜಿನಂತೆ ಸೂಕ್ಷ್ಮ ಹನಿಗಳಾಗಿ ಬಿಸಿಗಾಳಿಗೆ ಚಿಮ್ಮಿಸುತ್ತಾರೆ. ಹೀಗೆ ತಯಾರಾದ ಪುಡಿ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಈಗ ಇದೇ ವಾಡಿಕೆ. ಇಲ್ಲಿ ಒಂದು ಸ್ವಾರಸ್ಯವಿದೆ. ಗಾಳಿಯ ಉಷ್ಣತೆ 150 ಡಿಗ್ರಿಗಿಂತ ಹೆಚ್ಚಿದ್ದರೂ ಹನಿ ಅಷ್ಟು ಬಿಸಿಯಾಗುವುದಿಲ್ಲ. ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರಿಕೊಂಡು ಹನಿಯನ್ನು ತಂಪಾಗಿರಿಸುತ್ತದೆ. ಮಡಕೆಯ ನೀರು ತಣ್ಣಗಿರುವುದೂ ಇದೇ ತತ್ತ್ವದಿಂದ. ಹಾಲಿನ ರುಚಿ, ಸತ್ತ್ವಗಳು ಕೆಡದಿರಲು ಇದು ಒಳ್ಳೆಯದೇ. ಆದರೆ ಒಣಗಿಸುವುದೆಂದರೆ ಕ್ರಿಮಿನಾಶ ಮಾಡುವುದಲ್ಲ ಎಂಬುದಕ್ಕೂ ಇದೇ ಕಾರಣ. ಈ ಮಾತಿಗೆ ಮತ್ತೆ ಬರೋಣ.

ಡಬ್ಬಿ ಹೋದಲ್ಲೆಲ್ಲ ನೀರು ಹೋಗಲಿಲ್ಲ

ಕಾರ್ಖಾನೆಯ ಡಬ್ಬಿ ಜಗತ್ತಿನ ಮೂಲೆಮೂಲೆಗೆ ತಲುಪಿತು. ಶುದ್ಧ ನೀರು, ಸೌದೆ, ಸೂಚನೆಯನ್ನು ಓದುವಷ್ಟು ಅಕ್ಷರಜ್ಞಾನ ಇವು ಅದರ ಜೊತೆ ತಲುಪಲಿಲ್ಲ. ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿಯೇ ಅಲ್ಲಿನ ರೋಟರಿ ಕ್ಲಬ್ಬಿನಲ್ಲಿ 'ಹಾಲು ಮತ್ತು ಕೊಲೆ' ಎಂಬ ಶೀರ್ಷಿಕೆಯಲ್ಲಿ ಮಾತನಾಡಿದರು. ಸಕ್ಕರೆ ಬೆರೆತ ಮಂದಗೊಳಿಸಿದ ಹಾಲನ್ನು ಶಿಶುಗಳಿಗೆ ತಕ್ಕದ್ದೆಂದು ಪ್ರಚಾರ ಮಾಡುವುದನ್ನು ಕೊಲೆಯೆಂದೇ ಪರಿಗಣಿಸಬೇಕು ಎಂಬುದು ಅವರ ವಾದ. 1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆ ಬಡ ರಾಷ್ಟ್ರಗಳಲ್ಲಿನ ಪುಡಿಹಾಲಿನ ಪ್ರಚಾರವನ್ನು ಕುರಿತು ಪುಸ್ತಿಕೆ ಪ್ರಕಟಿಸಿತು. ದೊಡ್ಡ ಕಂಪನಿಯೊಂದರ ಉತ್ಪನ್ನಗಳನ್ನು ಬಹಿಷ್ಕರಿಸುವ ಚಳವಳಿ 1977ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ತಾಯಿಹಾಲಿನ ಬದಲಿಗಳ ಮಾರಾಟಕ್ಕೆ ಅಂತಾರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು.

ಭಾರತದಲ್ಲಿ ಈ ಸಂಬಂಧ 1992ರಲ್ಲಿ ಕಾಯಿದೆಯಾಯಿತು. 1993ರ ಆಗಸ್ಟ್ 1ರಿಂದ ಜಾರಿಗೆ ಬಂತು. 2003ರಲ್ಲಿ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಶಿಶುಹಾಲಿನ ಬದಲಿಗಳ ಜಾಹೀರಾತು ನಮ್ಮಲ್ಲಿ ನಿಷಿದ್ಧ. ಡಬ್ಬಿಯ ಮೇಲೆ ಶಿಶುವಿನ ಅಥವಾ ತಾಯಿಯ ಚಿತ್ರ ಇರಕೂಡದು. ತಾಯಿಯ ಹಾಲೇ ಶ್ರೇಷ್ಠ ಎಂಬ ಮಾತು ಎದ್ದು ಕಾಣುವಂತೆ ಇರಬೇಕು. ಹಳೆಯ ತಲೆಮಾರಿನವರು ಕಂಡ ದುಂಡುಮುಖದ ಪಾಪುವಿನ ಚಿತ್ರ ಡಬ್ಬಿಗಳಿಂದ ಮರೆಯಾದದ್ದು ಈ ಕಾಯಿದೆಯಿಂದ.

ಇಷ್ಟೆಲ್ಲ ಆದರೂ ಒಂದು ನಂಬಿಕೆ ಹಾಗೆಯೇ ಉಳಿದಿತ್ತು. ಅಪಾಯವಿರುವುದು ನೀರಿನಲ್ಲಿ, ಬಾಟಲಿಯಲ್ಲಿ, ಕೈಯಲ್ಲಿ. ಡಬ್ಬಿಯೊಳಗಿನ ಪುಡಿ ಮಾತ್ರ ಶುದ್ಧ ಎಂಬುದೇ ಆ ನಂಬಿಕೆ. ನೀರನ್ನು ಕುದಿಸಿ, ಉಗುರು ಬೆಚ್ಚಗಾದ ಮೇಲೆ ಪುಡಿ ಹಾಕಿ ಎಂಬ ಸೂಚನೆ ಈ ನಂಬಿಕೆಯ ಕೂಸು.

ಪುಡಿಯೊಳಗಿನ ಜೀವಿ

1958ರಲ್ಲಿ ಇಂಗ್ಲೆಂಡಿನಲ್ಲಿ ಎರಡು ನವಜಾತ ಶಿಶುಗಳು ಮೆನಿಂಜೈಟಿಸ್, ಎಂದರೆ ಮಿದುಳು ಪೊರೆಯ ಉರಿಯೂತದಿಂದ ಮೃತಪಟ್ಟವು. ಕಾರಣವಾದದ್ದು ಹಳದಿ ವರ್ಣದ್ರವ್ಯವನ್ನು ಉತ್ಪಾದಿಸುವ ಒಂದು ಅಪರೂಪದ ಬ್ಯಾಕ್ಟೀರಿಯಾ. 1961ರಲ್ಲಿ ಈ ವರದಿ ಪ್ರಕಟವಾಯಿತು. 1980ರಲ್ಲಿ ಈ ಜೀವಿಗೆ ಜಪಾನಿನ ಬ್ಯಾಕ್ಟೀರಿಯಾ ವಿಜ್ಞಾನಿ ರೀಚಿ ಸಕಜಾಕಿಯವರ ಗೌರವಾರ್ಥ ಎಂಟೆರೊಬ್ಯಾಕ್ಟರ್ ಸಕಜಾಕಿ ಎಂದು ಹೆಸರಿಟ್ಟರು. ಈಗ ಅದರ ಹೆಸರು ಕ್ರೋನೊಬ್ಯಾಕ್ಟರ್. ಗ್ರೀಕ್ ಪುರಾಣದ ಕ್ರೋನಸ್ ತನ್ನ ಮಕ್ಕಳನ್ನು ತಾನೇ ನುಂಗಿದವನು.

ಈ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ? ನೆದರ್ಲೆಂಡ್ಸಿನ ಮೊಯ್ಟಿಯೆನ್ಸ್ ಮತ್ತು ಸಂಗಡಿಗರು 35 ದೇಶಗಳಿಂದ 141 ಶಿಶುಹಾಲಿನ ಪುಡಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 20 ಮಾದರಿಗಳಲ್ಲಿ ಅದು ಸಿಕ್ಕಿತು. ಪ್ರಮಾಣ ತೀರ ಕಡಿಮೆ. 100 ಗ್ರಾಂ ಪುಡಿಯಲ್ಲಿ ಅತಿ ಹೆಚ್ಚೆಂದರೆ 66 ಜೀವಿಗಳು. ಆದರೆ ಸೊನ್ನೆಯಲ್ಲ. 2001ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ಒಂದು ಮಗು ಸತ್ತಾಗ, ತೆರೆಯದ ಡಬ್ಬಿಯ ಪುಡಿಯಲ್ಲಿಯೂ ಅದೇ ಬ್ಯಾಕ್ಟೀರಿಯಾ ಇದ್ದದ್ದು ಕಂಡುಬಂತು. ಪುಡಿ ಶುದ್ಧ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಕಾರ್ಖಾನೆಯಲ್ಲಿ ಹಾಲನ್ನು ಪಾಶ್ಚರೀಕರಣ ಮಾಡಿರುತ್ತಾರೆ. ಆಗ ಈ ಜೀವಿ ಸಾಯುತ್ತದೆ. ಆದರೆ ಬಳಿಕ ಒಣಗಿಸುವಾಗ, ವಿಟಮಿನ್ ಮುಂತಾದವನ್ನು ಬೆರೆಸುವಾಗ, ಡಬ್ಬಿಗೆ ತುಂಬುವಾಗ ಹೊರಗಿನ ಧೂಳಿನಿಂದ ಸೇರಿಕೊಳ್ಳಬಹುದು. ಒಣ ಪುಡಿಯಲ್ಲಿ ನೀರಿಲ್ಲದ ಕಾರಣ ಅದು ಬೆಳೆಯಲಾರದು, ಆದರೆ ಸಾಯುವುದೂ ಇಲ್ಲ. ಟ್ರೆಹಲೋಸ್ ಎಂಬ ಸಕ್ಕರೆಯನ್ನು ಒಳಗೆ ಶೇಖರಿಸಿಕೊಂಡು, ಬೀಜ ನಿದ್ರಿಸುವಂತೆ, ಎರಡು ವರ್ಷಗಳ ಕಾಲವೂ ಬದುಕಿರಬಲ್ಲದು. ಈಗಿನ ತಂತ್ರಜ್ಞಾನದಿಂದ ಪುಡಿಯನ್ನು ಸಂಪೂರ್ಣ ಕ್ರಿಮಿರಹಿತವಾಗಿ ತಯಾರಿಸುವುದು ಸಾಧ್ಯವಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳು 2004ರಲ್ಲಿ ಜಿನೀವಾದಲ್ಲಿ ಕರೆದ ತಜ್ಞರ ಸಭೆ ಒಪ್ಪಿಕೊಂಡಿತು. 2007ರ ಮಾರ್ಗಸೂಚಿ ಅದರ ಫಲ. ಸಮಸ್ಯೆ ಹಳೆಯದಾಗಿಲ್ಲ. 2022ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಸ್ಟರ್ಗಿಸ್‌ನ ಕಾರ್ಖಾನೆಯಲ್ಲಿ ಇದೇ ಬ್ಯಾಕ್ಟೀರಿಯಾ ಪತ್ತೆಯಾಗಿ, ಅಲ್ಲಿ ಉತ್ಪಾದನೆ ನಿಂತು, ಆ ಶ್ರೀಮಂತ ದೇಶದಲ್ಲೇ ಶಿಶುಹಾಲಿಗೆ ತತ್ವಾರವಾಯಿತು.

ಈ ಸೋಂಕು ಬಲು ಅಪರೂಪ. ಆದರೆ ತಗಲಿದರೆ ಭೀಕರ. ಎರಡು ತಿಂಗಳೊಳಗಿನ ಶಿಶುಗಳಿಗೆ, ಅದರಲ್ಲೂ ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವಕ್ಕೆ ಅಪಾಯ ಹೆಚ್ಚು. ಪುಡಿಹಾಲು ಬೇಕಾಗುವ ಶಿಶುಗಳಲ್ಲಿ ಇಂಥವೂ ಇರುತ್ತವೆ ಎಂಬುದನ್ನು ಮರೆಯಬಾರದು.

70 ಡಿಗ್ರಿಯೇ ಏಕೆ?

ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಸಾಯುವ ಕ್ರಮ ವಿಕಿರಣಪಟು ಪರಮಾಣುಗಳು ಕ್ಷಯಿಸುವ ಕ್ರಮವನ್ನು ಹೋಲುತ್ತದೆ. ಅಲ್ಲಿ ಅರ್ಧಾಯು ಎನ್ನುತ್ತೇವೆ. ಇಲ್ಲಿ ಸಂಖ್ಯೆ ಹತ್ತನೆಯ ಒಂದು ಭಾಗಕ್ಕೆ ಇಳಿಯಲು ಬೇಕಾದ ಸಮಯವನ್ನು ಲೆಕ್ಕ ಹಾಕುತ್ತಾರೆ. ಕೆನಡಾದ ಸಂಶೋಧಕರು ಈ ಬ್ಯಾಕ್ಟೀರಿಯಾವನ್ನು ಶಿಶುಹಾಲಿನಲ್ಲಿ ಕಾಯಿಸಿ 1997ರಲ್ಲಿ ಪ್ರಕಟಿಸಿದ ಅಂಕಿಗಳು ಹೀಗಿವೆ: 52 ಡಿಗ್ರಿಯಲ್ಲಿ ಈ ಸಮಯ ಸುಮಾರು 55 ನಿಮಿಷ; 56ರಲ್ಲಿ 10 ನಿಮಿಷ; 60ರಲ್ಲಿ ಎರಡೂವರೆ ನಿಮಿಷ. ಎಂದರೆ ಉಷ್ಣತೆ ಸುಮಾರು 6 ಡಿಗ್ರಿ ಏರಿದಾಗಲೆಲ್ಲ ಸಮಯ ಹತ್ತು ಪಟ್ಟು ಕಡಿಮೆಯಾಗುತ್ತದೆ. ಇದೇ ಲೆಕ್ಕವನ್ನು ಮುಂದುವರಿಸಿದರೆ 70 ಡಿಗ್ರಿಯಲ್ಲಿ ಅದು ಸುಮಾರು 3 ಸೆಕೆಂಡು. ತಾಯಿಹಾಲಿನ ಬ್ಯಾಂಕುಗಳಲ್ಲಿ ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಡುವುದು, ಡೈರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಮಾತ್ರ ಇಡುವುದು, ಎರಡರ ಹಿಂದೆಯೂ ಇದೇ ಸಂಬಂಧವಿದೆ.

40 ಡಿಗ್ರಿಯಲ್ಲಿ ಏನಾಗುತ್ತದೆ? ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅಷ್ಟೇ ಅಲ್ಲ, ನೀರು ಸಿಕ್ಕಿ ಎಚ್ಚರಗೊಂಡು ವೃದ್ಧಿಯಾಗತೊಡಗುತ್ತದೆ. 37 ಡಿಗ್ರಿಯ ಆಸುಪಾಸಿನಲ್ಲಿ ಅದು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲದು. ಒಂದೇ ಜೀವಿ 2 ಗಂಟೆಯಲ್ಲಿ 64 ಆದೀತು. 6 ಗಂಟೆಯಲ್ಲಿ 2,62,144. ರಾತ್ರಿಗೆಂದು ಸಂಜೆಯೇ ಕದಡಿ ಫ್ಲಾಸ್ಕಿನಲ್ಲಿ ಬೆಚ್ಚಗಿಟ್ಟ ಹಾಲು ಏಕೆ ಅಪಾಯಕರ ಎಂಬುದಕ್ಕೆ ಈ ಗುಣಾಕಾರವೇ ಉತ್ತರ.

ಹಾಗಾದರೆ ಕುದಿಯುವ ನೀರನ್ನೇ ಏಕೆ ಸುರಿಯಬಾರದು? ಪುಡಿ ಗಂಟುಕಟ್ಟುತ್ತದೆ, ವಿಟಮಿನ್ನುಗಳು ಹೆಚ್ಚು ನಷ್ಟವಾಗುತ್ತವೆ, ಕೈ ಸುಡುವ ಸಂಭವವೂ ಇದೆ. 70 ಡಿಗ್ರಿ ಇವೆರಡರ ನಡುವಿನ ಒಪ್ಪಂದ.

ಅಡುಗೆಮನೆಯಲ್ಲಿ ಉಷ್ಣಮಾಪನ

ಕುದಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಬಿಡಬಾರದು ಎಂಬ ಸೂಚನೆ ಸುಮಾರು 1 ಲೀಟರ್ ನೀರಿಗೆ ಹೊಂದುತ್ತದೆ. 100 ಮಿಲಿಲೀಟರ್ ನೀರನ್ನಷ್ಟೇ ಕುದಿಸಿದರೆ ಅದು ಬಹಳ ಬೇಗ ಆರುತ್ತದೆ. ಗಾತ್ರ ಕಡಿಮೆಯಾದಂತೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚುತ್ತದೆ.

ಪಾತ್ರೆಯ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 70 ಡಿಗ್ರಿಯ 100 ಗ್ರಾಂ ನೀರನ್ನು 30 ಡಿಗ್ರಿಯಲ್ಲಿರುವ 100 ಗ್ರಾಂ ತೂಕದ ಸ್ಟೀಲ್ ಲೋಟಕ್ಕೆ ಸುರಿದು 15 ಗ್ರಾಂ ಪುಡಿ ಹಾಕಿದರೆ, ಮಿಶ್ರಣದ ನಿಯಮದಂತೆ ಉಷ್ಣತೆ ಸುಮಾರು 64 ಡಿಗ್ರಿಗೆ ಇಳಿಯುತ್ತದೆ. 150 ಗ್ರಾಂ ತೂಕದ ಗಾಜಿನ ಬಾಟಲಿಯಾದರೆ 59ಕ್ಕೆ ಇಳಿಯುತ್ತದೆ. ಮೇಲಿನ ಅಂಕಿಗಳನ್ನು ನೆನಪಿಸಿಕೊಂಡರೆ ಇದರ ಪರಿಣಾಮ ತಿಳಿಯುತ್ತದೆ. ಆದ್ದರಿಂದ ಪಾತ್ರೆಯನ್ನು ಕುದಿಸಿದ ನೀರಿನಿಂದ ತೆಗೆದ ಕೂಡಲೇ, ಬಿಸಿಯಿರುವಾಗಲೇ ಬಳಸುವುದು ಒಳ್ಳೆಯದು.

ಒಟ್ಟು ಕ್ರಮ ಹೀಗಿರಲಿ:

1. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಲೋಟ, ಒಳಲೆ ಅಥವಾ ಬಾಟಲಿಯನ್ನು ತಿಕ್ಕಿ ತೊಳೆದು, ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಕುದಿಸಿರಿ.
2. ಬಾವಿಯದಾಗಲಿ, ನಲ್ಲಿಯದಾಗಲಿ, ನೀರನ್ನು ಕೊತಕೊತ ಕುದಿಸಿರಿ. ಉಷ್ಣತೆ 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಅಳೆದು ಹಾಕಿ, ಡಬ್ಬಿಯಲ್ಲಿ ಹೇಳಿದಷ್ಟೇ ಪುಡಿ ಸೇರಿಸಿ ಕದಡಿರಿ.
3. ಕದಡಿದ ಹಾಲಿರುವ ಪಾತ್ರೆಯ ಹೊರಮೈಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿರಿ. ನೀರು ಪಾತ್ರೆಯೊಳಕ್ಕೆ ಹೋಗದಿರಲಿ. ಮುಂಗೈಯ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡದೆ ಮಗುವಿಗೆ ಕೊಡಬೇಡಿ.
4. ಪ್ರತಿ ಸಲವೂ ಹೊಸದಾಗಿ ಕದಡಿರಿ. 2 ಗಂಟೆಯೊಳಗೆ ಕುಡಿಯದ ಹಾಲನ್ನು ಚೆಲ್ಲಿರಿ. ಮಗು ಬಾಯಿ ಹಾಕಿ ಬಿಟ್ಟದ್ದನ್ನು ಮತ್ತೆ ಕೊಡಬೇಡಿ.
5. ಮುಂಚಿತವಾಗಿ ತಯಾರಿಸಲೇಬೇಕಾದರೆ ಬೇಗನೆ ತಣಿಸಿ, 5 ಡಿಗ್ರಿಯ ಒಳಗಿರುವ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಿರಿ. ಮತ್ತೆ ಬೆಚ್ಚಗೆ ಮಾಡಲು 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡ.

ನಮ್ಮೂರಿನ ಮಟ್ಟಿಗೆ ಐದನೆಯ ಸೂಚನೆಗೆ ಒಂದು ತಿದ್ದುಪಡಿ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವ ಕುಂಬ್ರದಂಥ ಊರುಗಳಲ್ಲಿ ಫ್ರಿಜ್ಜು 5 ಡಿಗ್ರಿಯಲ್ಲೇ ಇದೆ ಎಂದು ನಂಬುವಂತಿಲ್ಲ. ಆಗಿಂದಾಗ್ಗೆ ಕದಡುವುದೇ ಕ್ಷೇಮ. ತೇವ ಹೆಚ್ಚಿರುವ ಕಾರಣ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಒಣ ಚಮಚವನ್ನೇ ಬಳಸಬೇಕು. ತೆರೆದ ಡಬ್ಬಿಯನ್ನು ಅದರ ಮೇಲೆ ಹೇಳಿದ ಅವಧಿಯೊಳಗೆ ಮುಗಿಸಬೇಕು.

ಇನ್ನು, ಉಗುರು ಬೆಚ್ಚಗಿನ ನೀರನ್ನೇ ಬಳಸಿ ಎನ್ನುವ ಡಬ್ಬಿಗಳ ವಿಚಾರ. ಕೆಲವು ಪುಡಿಗಳಲ್ಲಿ ಹೊಟ್ಟೆಗೆ ಹಿತವೆಂದು ಜೀವಂತ ಬ್ಯಾಕ್ಟೀರಿಯಾಗಳನ್ನು ಸೇರಿಸಿರುತ್ತಾರೆ. 70 ಡಿಗ್ರಿಯಲ್ಲಿ ಅವೂ ಸಾಯುತ್ತವೆ. ಬಿಸಿಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ತೂಕ ಕಡಿಮೆಯಿರುವ ಅಥವಾ ಎರಡು ತಿಂಗಳು ತುಂಬದ ಶಿಶುವಿಗೆ ಇಂಥ ಪುಡಿ ತಕ್ಕದ್ದೇ, ಯಾವ ಉಷ್ಣತೆಯಲ್ಲಿ ಕದಡಬೇಕು ಎಂಬುದನ್ನು ಮಕ್ಕಳ ವೈದ್ಯರಲ್ಲಿ ಕೇಳಿಯೇ ತೀರ್ಮಾನಿಸಬೇಕು.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ

ಅಧ್ಯಾಪಕರು ಇದನ್ನು ನ್ಯೂಟನ್ನನ ಶೀತಲೀಕರಣ ನಿಯಮದ ಪಾಠಕ್ಕೆ ಜೋಡಿಸಬಹುದು. 100, 250, 500 ಮತ್ತು 1000 ಮಿಲಿಲೀಟರ್ ನೀರನ್ನು ಒಂದೇ ಬಗೆಯ ಪಾತ್ರೆಗಳಲ್ಲಿ ಕುದಿಸಿ ಕೆಳಗಿಳಿಸಿ. ಪ್ರಯೋಗಾಲಯದ ಉಷ್ಣತಾಮಾಪಕದಿಂದ ಪ್ರತಿ 2 ನಿಮಿಷಕ್ಕೊಮ್ಮೆ ಉಷ್ಣತೆಯನ್ನು ದಾಖಲಿಸಿ, ನಕ್ಷೆ ಬರೆಯಿರಿ. ಪ್ರತಿಯೊಂದೂ 70 ಡಿಗ್ರಿಯನ್ನು ಯಾವಾಗ ದಾಟುತ್ತದೆ ಎಂದು ಗುರುತಿಸಿ. ಮುಚ್ಚಳ ಹಾಕಿ, ಹಾಕದೆ, ಫ್ಯಾನಿನ ಕೆಳಗೆ ಹೀಗೆ ಬೇರೆ ಬೇರೆ ಸ್ಥಿತಿಗಳಲ್ಲಿ ಪುನರಾವರ್ತಿಸಿ. ಮನೆಯಲ್ಲಿ ಉಷ್ಣತಾಮಾಪಕವಿಲ್ಲದ ಬಾಣಂತಿಗೆ 'ನಮ್ಮ ಈ ಚೊಂಬಿನಲ್ಲಿ ಇಷ್ಟು ನೀರಾದರೆ ಇಷ್ಟು ನಿಮಿಷ' ಎಂದು ಹೇಳಬಲ್ಲ ಉಪಯುಕ್ತ ಕೋಷ್ಟಕ ವಿದ್ಯಾರ್ಥಿಗಳಿಂದಲೇ ಸಿದ್ಧವಾಗುತ್ತದೆ. ಊರಿನ ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿಗೂ ಅದರ ಪ್ರತಿಯನ್ನು ಕೊಡಬಹುದು.

ತಾಯಿಯ ಹಾಲು ಸಿಗದ ಮಗುವಿಗೆ ಪುಡಿಹಾಲೊಂದೇ ಗತಿಯಲ್ಲ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಏಷ್ಯದ ಮೊದಲ ತಾಯಿಹಾಲಿನ ಬ್ಯಾಂಕು ಆರಂಭವಾಯಿತು. 2022ರಲ್ಲಿ ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆಗೂ ಅದು ಬಂದಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ದಾನದ ಹಾಲು ದೊರೆತರೆ ಅದೇ ಮೇಲು. ದೊರೆಯದಿದ್ದಾಗ ಪುಡಿಹಾಲು ಅನಿವಾರ್ಯ. ಹಾಗೆ ಕೊಡುವಾಗ ಲೀಬಿಗ್‌ನ ಕಾಲದ ಅಳತೆ, ಸಾಕ್ಸ್‌ಲೆಟ್‌ನ ಕಾಲದ ನೈರ್ಮಲ್ಯ, ನಮ್ಮ ಕಾಲದ 70 ಡಿಗ್ರಿ ಮೂರೂ ಜೊತೆಗಿರಬೇಕು. ಒಂದನ್ನು ಬಿಟ್ಟರೂ ಉಳಿದೆರಡರ ಶ್ರಮ ವ್ಯರ್ಥ.